ಮುಚ್ಚಳದ ಬಾಟ್ಲಿ, ಮಾಮನ ಟವೆಲ್

ಆಸ್ಪತ್ರೆಗೆ ಹೊಸ ಬಾಟ್ಲಿಗಳು ಬಂದ ವಾರವೇ ನನ್ನ ಸೋದರಮಾಮ ಊಟ ನಿಲ್ಲಿಸಿದ. ಊಟವೆಂದರೆ ಬಾಯಿಂದ ಉಣ್ಣುವ ಊಟವಲ್ಲ. ಪಾರ್ಶ್ವವಾಯು ಹೊಡೆದು ಅವನ ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು, ನುಂಗುವ ಶಕ್ತಿಯೂ ಹೋಗಿತ್ತು. ಮೂಗಿನಿಂದ ಹೊಟ್ಟೆಯವರೆಗೆ ಇಳಿಸಿದ ಸಣ್ಣ ನಳಿಕೆಯೊಳಗೆ ಬೇಳೆ, ಹಾಲು, ಬಾಳೆಹಣ್ಣು ಅರೆದ ಗಂಜಿ ಹೋಗುತ್ತಿತ್ತು. ಆ ನಳಿಕೆಯನ್ನೇ ಅವನು ಎಡಗೈ ಬೆರಳುಗಳ ನಡುವೆ ಮಡಚಿ ಹಿಡಿಯತೊಡಗಿದ. ಮಡಚಿದರೆ ಗಂಜಿ ನಿಂತಲ್ಲೇ ನಿಲ್ಲುತ್ತದೆ. ಬಿಡಿಸಿದರೆ ಮತ್ತೆ ಮಡಚುತ್ತಿದ್ದ. ಒಂದು ಮಧ್ಯಾಹ್ನ ಯಾರೂ ನೋಡದ ಹೊತ್ತಿನಲ್ಲಿ ನಳಿಕೆಯನ್ನೇ ಕಿತ್ತು ಮಂಚದ ಪಟ್ಟಿಗೆ ತೂಗುಹಾಕಿದ್ದ, ಬಟ್ಟೆ ಒಣಹಾಕಿದ ಹಾಗೆ.

ನಾನು ಅದೇ ಆಸ್ಪತ್ರೆಯಲ್ಲಿ ಡಯಟಿಷಿಯನ್. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅದಕ್ಕೂ ಮುಂಚೆ ನನಗೆ ಇದ್ದ ವಿದ್ಯೆ ಒಂದೇ: ವಾದ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವೋ ವಿರೋಧವೋ ಎಂದು ಚೀಟಿ ಎತ್ತಿಸುತ್ತಾರಲ್ಲ, ಯಾವುದು ಬಂದರೂ ನಾನು ಗೆಲ್ಲುತ್ತಿದ್ದೆ. ಗೆಲ್ಲುವವರಿಗೆ ಒಂದು ಚಟ ಅಂಟುತ್ತದೆ. ನಾಲ್ಕು ಜನ ಒಂದೇ ಮಾತಿಗೆ ತಲೆಯಾಡಿಸಿದರೆ ನಾಲ್ವರಲ್ಲಿ ಮೂವರು ಯೋಚಿಸಿಲ್ಲ ಎಂದು ಅನಿಸತೊಡಗುತ್ತದೆ. ನಾಲ್ಕನೆಯವನ ಮೇಲೂ ಅನುಮಾನ ಇದ್ದೇ ಇರುತ್ತದೆ.

ಈ ಚಟಕ್ಕೆ ನೀರೆರೆದವನು ಮಾಮನೇ. ಅವನ ಮನೆ ಕಮಲಾಪುರದಲ್ಲಿ, ತೊಗರಿ ಅಡತಿ ಅಂಗಡಿ ನಮ್ಮ ಶಹರದ ಧಾನ್ಯಪೇಟೆಯಾದ ನೆಹರು ಗಂಜ್‌ನಲ್ಲಿ. ಶಾಲೆ ಬಿಟ್ಟ ಮೇಲೆ ನಾನು ಶಹಾಬಜಾರದ ನಮ್ಮ ಮನೆಗೆ ಹೋಗದೆ ಅವನ ಅಂಗಡಿಯ ಚೀಲದ ಮೇಲೆ ಕೂತಿರುತ್ತಿದ್ದೆ. ಗಿರಾಕಿ ಬಂದರೆ ಸಾಕು, ಅವನು ಶುರುಮಾಡುವುದು: "ಬರ್ರಿ, ಕುಂಡ್ರರಿ. ಇಲ್ಲಿ ನಮ್ಮ ವಕೀಲ್ ಸಾಬ್ ಕುಂತಾರ, ಏನರೆ ತಕರಾರ ಇದ್ರ ಅವರ ಮುಂದ ಹೇಳ್ರಿ." ಗಿರಾಕಿ ಹೋದ ಮೇಲೆ ನನಗೆ ಪಾಠ: "ಹೊತ್ತು ಪೂರ್ವಕ್ಕ ಹುಟ್ಟತದ ಅಂತ ನಾ ಅಂದ್ರೂ ಹೂಂ ಅನ್ನಬ್ಯಾಡ. ನೀ ಎದ್ದು ನೋಡೀಯೇನು ಮಾಮಾ ಅಂತ ಕೇಳು." ನಾನು ಕೇಳುತ್ತಿದ್ದೆ. ಅವನು ಎಂದೂ ಆ ಹೊತ್ತಿಗೆ ಎದ್ದವನಲ್ಲ.

ಈಗ ಬಾಟ್ಲಿಯ ವಿಷಯ. ಮೊದಲು ನಮ್ಮ ವಾರ್ಡುಗಳಲ್ಲಿ ಸ್ಟೀಲಿನ ಜಗ್ಗಿನಲ್ಲಿ ಗಂಜಿ ಬರುತ್ತಿತ್ತು. ಸಿಸ್ಟರ್ ದೊಡ್ಡ ಸಿರಿಂಜಿನ ಹಿಂಬದಿ ತೆಗೆದು, ಅದನ್ನು ನಳಿಕೆಗೆ ಸಿಕ್ಕಿಸಿ, ಎತ್ತರಕ್ಕೆ ಹಿಡಿದು, ಜಗ್ಗಿನಿಂದ ಸ್ವಲ್ಪಸ್ವಲ್ಪ ಹೊಯ್ಯುತ್ತ ನಿಲ್ಲಬೇಕಿತ್ತು. ಹೊಸ ಬಾಟ್ಲಿ ಹಾಗಲ್ಲ. ಹಾಲಿನ ಬಣ್ಣದ ಪ್ಲಾಸ್ಟಿಕ್ಕು, ಒಳಗಿನದು ಹೊರಗೆ ಕಾಣದು. ಬಿಗಿಯಾದ ಮುಚ್ಚಳ, ಕೆಳಗೊಂದು ಸಣ್ಣ ಮೂತಿ. ಅಡುಗೆಮನೆಯಲ್ಲೇ ತುಂಬಿ, ಮುಚ್ಚಿ ಕಳಿಸುತ್ತಾರೆ. ಸಲೈನಿನ ಹಾಗೆ ಸ್ಟ್ಯಾಂಡಿಗೆ ತೂಗುಹಾಕಿ ನಳಿಕೆಗೆ ಸೇರಿಸಿದರೆ ತನ್ನಷ್ಟಕ್ಕೆ ಇಳಿಯುತ್ತದೆ. ನೊಣ ಕೂರದು, ಚೆಲ್ಲದು, ಪಕ್ಕದ ಮಂಚದವರು ನೋಡಿ ಮೂಗು ಮುರಿಯುವಂತಿಲ್ಲ.

ಬಾಟ್ಲಿ ಬಗ್ಗೆ ಸಿಬ್ಬಂದಿಗೆ ಎಷ್ಟು ತೃಪ್ತಿ ಇದೆ ಎಂದು ಕೇಳಿ ಬರೆದುಕೊಡುವ ಕೆಲಸವನ್ನು ಸೂಪರಿಂಟೆಂಡೆಂಟರು ನನಗೆ ಒಪ್ಪಿಸಿದರು. ಹಿಡಿಯಲು ಅನುಕೂಲವೇ, ತುಂಬಲು ಅನುಕೂಲವೇ, ತೊಳೆಯಲು ಅನುಕೂಲವೇ, ಅಳತೆಯ ಗೆರೆ ಕಾಣುತ್ತದೆಯೇ. ಪ್ರತಿ ಪ್ರಶ್ನೆಯ ಮುಂದೆ ಬಹಳ ತೃಪ್ತಿಯಿಂದ ಬಹಳ ಅತೃಪ್ತಿಯವರೆಗೆ ಖಾನೆಗಳು. ಎರಡು ವಾರ್ಡು ತಿರುಗಿದೆ. ಎಲ್ಲರೂ ಮೊದಲನೆಯ ಖಾನೆಗೇ ಗೆರೆ ಎಳೆದರು. ಪ್ರಶ್ನೆಯನ್ನು ಓದದೆ ಎಳೆದವರೂ ಇದ್ದರು.

ಹೀಗೆ ಕೇಳಿದರೆ ಹೀಗೇ ಉತ್ತರ ಬರುತ್ತದೆ ಎಂದು ನನಗೆ ಗೊತ್ತಿತ್ತು. ಆಡಳಿತ ಕೊಂಡುಕೊಂಡ ವಸ್ತುವನ್ನು ಆಡಳಿತದವಳ ಎದುರಿಗೇ ಯಾರು ಹಳಿಯುತ್ತಾರೆ? ಹಾಗಾಗಿ ಮಾಮ ಮಲಗಿದ್ದ ಗಂಡಸರ ವಾರ್ಡಿನಲ್ಲಿ ಪ್ರಶ್ನೆಯನ್ನು ತಿರುಗಿಸಿದೆ. ಕಾಗದ ಮಡಿಚಿಟ್ಟು, "ನಾಳಿಂದ ಈ ಬಾಟ್ಲಿ ವಾಪಸ್ ಕಳಿಸಿ ಹಳೇ ಜಗ್ಗೇ ತರ್ತಾರಂತ ಇಟ್ಕೊಳ್ರಿ. ಬ್ಯಾಡ ಅಂತ ಜಗಳಾ ಮಾಡವರು ಯಾರು?" ಎಂದೆ.

ಹೆಡ್ ಸಿಸ್ಟರ್ ಕುರ್ಚಿಯಿಂದ ಅರ್ಧ ಎದ್ದರು. "ನಾನ. ನನ್ನ ಹೆಸರು ಮೊದಲ ಬರ್ಕೋರಿ. ಇಡೀ ವಾರ್ಡಿಗಿ ನಾವು ಇಬ್ರು ಸಿಸ್ಟರ್. ಜಗ್ ಹಿಡ್ಕೊಂಡ ಒಬ್ಬರ ಮುಂದ ನಿಂತ್ರ ಉಳಿದವರು ಬೆಲ್ ಒತ್ತಿ ಒತ್ತಿ ಬೆರಳ ಸವಸ್ತಾರ. ಇದನ್ನ ತೂಗಬಿಟ್ರ ನನ್ನ ಎರಡೂ ಕೈ ನನ್ನವು."

"ನಾನೂ ಜಗಳಾ ಮಾಡ್ತೀನಿ," ಎಂದಳು ವಾರ್ಡಿನ ಆಯಾ, "ಆದ್ರ ಕಳಸ್ರಿ ಅಂತ. ತೊಳಿಯಾಕ ಒಂದಿನ ನೀವು ಬರ್ರಿ ಮೇಡಂ. ಅದರ ಬಾಯಿ ನೋಡ್ರಿ, ಎರಡು ಬೆರಳು ಹೋಗಂಗಿಲ್ಲ. ಬ್ರಷ್ ಹಾಕಿದ್ರ ಬ್ರಷ್ ಒಳಗ, ನಾ ಹೊರಗ."

"ಏ, ಸಾಕ್ ಬಿಡ. ಮೊದಲ ಗಂಜಿ ಮೂತ್ಯಾಗ ಸಿಕ್ಕೋತಿತ್ತು, ಈಗ ಹಂಗೂ ಇಲ್ಲ," ಎಂದರು ಸಿಸ್ಟರ್. "ಅಡಗಿಮನಿಗಿ ಹೇಳಿ ಕಳಿಸೀವಿ. ನೀರಿನಂಗ ಛಲೋ ಹರೀತದ."

ನಾನು ಅದನ್ನು ಬಾಟ್ಲಿಯ ಗುಣವೆಂದೇ ತಿಳಿದು 'ಹರಿವು ಚೆನ್ನಾಗಿದೆ' ಎಂದು ಬರೆದುಕೊಂಡೆ.

ಇತ್ತ ಮಾಮನ ಮಂಚದ ಹತ್ತಿರ ಬೇರೆಯೇ ಚರ್ಚೆ ನಡೆದಿತ್ತು. ಡಾಕ್ಟರು ನಳಿಕೆಯನ್ನು ಮತ್ತೆ ಹಾಕಿಸಿ ಮಾಮನ ಹೆಂಡತಿಗೆ ಹೇಳಿದರು: "ನೋಡ್ರಿ ಅಮ್ಮಾ, ನುಂಗೂ ಶಕ್ತಿ ವಾಪಸ್ ಬರಬಹುದು, ಅದಕ್ಕ ಮೈಯಾಗ ಕಸುವು ಇರಬೇಕು. ಇವರು ಇನ್ನೊಂದು ಸಲ ಕಿತ್ಕೊಂಡ್ರ ಹೊಟ್ಟಿಗೇ ತೂತು ಮಾಡಿ ನಳಿಕಿ ಹಾಕಬೇಕಾಗ್ತದ. ಈ ಅಶಕ್ತತನದಾಗ ಅದು ನನಗೂ ಬೇಕಾಗಿಲ್ಲ."

ಅವಳು ನನ್ನ ಅತ್ತಿ. ಮಾಮ ಬಿದ್ದ ದಿನ ಕಮಲಾಪುರದಿಂದ ಓಡಿಬಂದವಳು ಮಂಚದ ಪಕ್ಕದ ಸ್ಟೂಲು ಬಿಟ್ಟು ಎದ್ದಿರಲಿಲ್ಲ. ಡಾಕ್ಟರು ಹೋದ ಮೇಲೆ ನನ್ನ ಕಡೆ ತಿರುಗಿದಳು.

"ಹೊಟ್ಟಿ ಕೊಯ್ಯೂದಂದ್ರ ನಾ ಇವರನ್ನ ಊರಿಗಿ ಕರ್ಕೊಂಡ ಹೋಗ್ತೀನಿ ನೋಡ ತಂಗಿ. ಬಾಯಿದ್ದ ಮನುಷ್ಯಾಗ ಮೂಗಿನ್ಯಾಗ ಉಣಸ್ತೀರಿ, ಅದೂ ಆಗಲಿಲ್ಲಂದ್ರ ಹೊಟ್ಟ್ಯಾಗ. ನಾ ಚಮಚಾದ್ಲೆ ಬಾಯಾಗ ಹಾಕ್ತೀನಿ. ಹೆಂಗ ಉಣ್ಣಂಗಿಲ್ಲ ನೋಡ್ತೀನಿ."

"ಅತ್ತಿ, ಬಾಯಾಗ ಹಾಕಿದ್ದು ಹೊಟ್ಟಿಗಿ ಹೋಗಂಗಿಲ್ಲ, ಶ್ವಾಸಕೋಶಕ್ಕ ಹೋಗ್ತದ. ಅದು ಊಟ ಅಲ್ಲ, ಉಸಿರು ನಿಲ್ಲಸೂದು."

"ಉಪವಾಸ ಬಿದ್ರ ಉಸಿರು ನಿಲ್ಲಂಗಿಲ್ಲೇನ?"

ಒಳ್ಳೆಯ ಪ್ರಶ್ನೆ. ಸ್ಪರ್ಧೆಯಾಗಿದ್ದರೆ ತೀರ್ಪುಗಾರರು ಅವಳಿಗೇ ಅಂಕ ಕೊಡುತ್ತಿದ್ದರು. ಶನಿವಾರ ಮಗ ಗಾಡಿ ತರುತ್ತಾನೆ, ಅಷ್ಟರೊಳಗೆ ಇವರು ಸರಿಯಾಗಿ ಗಂಜಿ ತಗೊಂಡರೆ ಸರಿ, ಇಲ್ಲವಾದರೆ ಹೊರಡುವುದೇ, ಎಂದು ಅತ್ತಿ ತೀರ್ಮಾನ ಮಾಡಿಬಿಟ್ಟಳು. ಮಾಮ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಕಣ್ಣು ಚುರುಕಾಗಿತ್ತು. ಮಡಚಿದ ಬೆರಳು ಮಾತ್ರ ಸಡಿಲಾಗಲಿಲ್ಲ.

ನಾನು ನನ್ನ ವಿದ್ಯೆ ಪ್ರಯೋಗಿಸಿದೆ. ಅವನ ಎದುರು ಕೂತು ಒಂದೊಂದಾಗಿ ಕಾರಣ ಹೇಳಿದೆ. ಮೈಗೆ ಇಷ್ಟು ಬೇಕು, ಹೋಗುತ್ತಿರುವುದು ಇಷ್ಟು, ಕೊರತೆ ಬಿದ್ದರೆ ಹೀಗಾಗುತ್ತದೆ, ಹಾಗಾಗುತ್ತದೆ. ಎದುರಾಳಿ ಹೇಳಬಹುದಾದ ಮಾತನ್ನೂ ನಾನೇ ಹೇಳಿ ನಾನೇ ಖಂಡಿಸಿದೆ. ಮಾಮ ಪೂರ್ತಿ ಕೇಳಿ, ಎಡಗೈಯಿಂದ ಸ್ಟ್ಯಾಂಡಿನ ಮೇಲಿನ ಬಾಟ್ಲಿಯನ್ನು ತೋರಿಸಿ, ಮುಖ ಆ ಕಡೆ ಹೊರಳಿಸಿದ. ಬೇಡ ಎನ್ನುತ್ತಿದ್ದಾನೆ, ಅಷ್ಟೇ, ಎಂದುಕೊಂಡೆ.

ಯಾಕೆ ಬೇಡ ಎನ್ನುವುದಕ್ಕೆ ವಾರ್ಡಿನಲ್ಲಿ ಮೂರು ಸಿದ್ಧಾಂತಗಳಿದ್ದವು. ಪಾರ್ಶ್ವವಾಯು ಆದವರಿಗೆ ಮನಸ್ಸು ಕುಗ್ಗುತ್ತದೆ ಎಂದು ಸಿಸ್ಟರ್. ತನ್ನ ಮೇಲಿನ ಸಿಟ್ಟು, ಅಂಗಡಿಯಲ್ಲಿ ಬಿದ್ದ ದಿನ ತಾನು ಫೋನ್ ಎತ್ತಿರಲಿಲ್ಲ, ಎಂದು ಅತ್ತಿ. ಗಂಡಸರಿಗೆ ಹೆಂಗಸರ ಕೈಯಿಂದ ಉಣ್ಣಿಸಿಕೊಳ್ಳಲು ನಾಚಿಕೆ ಎಂದು ಆಯಾ. ಮೂರೂ ಇರಬಹುದು. ಆದರೆ ಮೊದಲ ದಿನಗಳಲ್ಲಿ, ಎಚ್ಚರ ಬಂದ ಮೇಲೂ, ಅವನು ಸುಮ್ಮನೆ ತಗೊಂಡಿದ್ದನಲ್ಲ? ಆಗ ಮನಸ್ಸು ಕುಗ್ಗಿರಲಿಲ್ಲವೇ? ಸಿಟ್ಟು ಆಗ ಎಲ್ಲಿತ್ತು?

ಉತ್ತರ ಸಿಕ್ಕಿದ್ದು ಒಂದು ಮುಚ್ಚಳದಿಂದ. ಒಂದು ಬೆಳಿಗ್ಗೆ ಬಾಟ್ಲಿಯ ಮುಚ್ಚಳ ಗಂಜಿ ಒಣಗಿ ಅಂಟಿಕೊಂಡು ಅಡುಗೆಮನೆಯಲ್ಲಿ ತಿರುಗಲೇ ಇಲ್ಲವಂತೆ. ಅವರು ಹಳೆಯ ಜಗ್ಗಿನಲ್ಲೇ ಗಂಜಿ ಕಳಿಸಿದ್ದರು. ಸಿಸ್ಟರ್ ಗೊಣಗುತ್ತ ಸಿರಿಂಜ್ ಎತ್ತಿ ಹಿಡಿದು, ಜಗ್ಗನ್ನು ಮಾಮನ ಎದೆಯ ಹತ್ತಿರ ತಂದರು. ಮಾಮ ಕತ್ತು ಎತ್ತಿ ಜಗ್ಗಿನೊಳಗೆ ನೋಡಿದ. ಬಹಳ ಹೊತ್ತು ನೋಡಿದ. ಮುಖ ಅಷ್ಟೇನೂ ಪ್ರಸನ್ನವಾಗಲಿಲ್ಲ, ಆದರೆ ಬೆರಳು ನಳಿಕೆಯ ಕಡೆ ಹೋಗಲಿಲ್ಲ. ಅರ್ಧ ಜಗ್ಗು ಇಳಿಯಿತು.

"ಇವತ್ತ ಕಾಕಾರ ಮೂಡ್ ಛಲೋ ಅದ," ಎಂದರು ಸಿಸ್ಟರ್.

ಮೂಡ್ ಎನ್ನುವುದು ವಾದವಲ್ಲ. ಗೊತ್ತಿಲ್ಲ ಎನ್ನುವುದಕ್ಕೆ ಇಟ್ಟ ಇನ್ನೊಂದು ಹೆಸರು. ಮಧ್ಯಾಹ್ನ ಬಾಟ್ಲಿ ಬಂತು, ಬೆರಳು ಮಡಚಿತು. ನಾನು ಕ್ಯಾಂಟೀನಿನಲ್ಲಿ ಚಹಾ ಹಿಡಿದು ಕೂತೆ. ಮನಸ್ಸು ಗಂಜ್‌ಗೆ ಹೋಯಿತು.

ಮಾಮನ ಅಂಗಡಿಯಲ್ಲಿ ಒಂದು ನಿಯಮವಿತ್ತು. ಬಾಯಿ ಹೊಲಿದ ಚೀಲಕ್ಕೆ ಅವನು ಬೆಲೆ ಹೇಳುತ್ತಿರಲಿಲ್ಲ. ತಂದವನು ಸ್ವಂತ ತಮ್ಮನೇ ಇರಲಿ, "ನಮೂನಾ ತಗೀರಿ" ಎನ್ನುತ್ತಿದ್ದ. ಚೂಪು ಮೂತಿಯ ಕಬ್ಬಿಣದ ಕೊಳವೆಯನ್ನು ಚೀಲದ ನಡುವಿಗೆ ಚುಚ್ಚಿ ಎಳೆದರೆ ಹಿಡಿ ತೊಗರಿ ಹೊರಗೆ ಬರುತ್ತದೆ. ಮೇಲಿನ ಕಾಳು ಎಲ್ಲರೂ ಚೆಂದದ್ದೇ ಇಡುತ್ತಾರೆ, ಕಥೆ ಇರುವುದು ನಡುವಿನಲ್ಲಿ. ಆ ಕಾಳನ್ನು ಅಂಗೈಯಲ್ಲಿ ಹರಡಿ, ಹೆಬ್ಬೆರಳಿನಿಂದ ಉಜ್ಜಿ, ಒಂದನ್ನು ಕಡಿದು ನೋಡುತ್ತಿದ್ದ. ಒಪ್ಪಿಗೆಯಾದರೆ ಮುಷ್ಟಿ ಮುಚ್ಚುತ್ತಿದ್ದ. ಇಲ್ಲವಾದರೆ ಅಂಗೈಯನ್ನು ಬದಿಗೆ ಕೊಡವಿಬಿಡುತ್ತಿದ್ದ, ಒಂದು ಮಾತೂ ಇಲ್ಲ. ಗಂಜ್‌ನಲ್ಲಿ ಎಲ್ಲರೂ ಹಾಗೆಯೇ. ಮಾಲು ಕೆಟ್ಟದ್ದು ಎಂದು ಬಾಯಿಬಿಟ್ಟು ಹೇಳಿದರೆ ತಂದವನಿಗೆ ಅವಮಾನ, ಕೊಡವಿದರೆ ಅದು ಬರೀ ವ್ಯಾಪಾರ.

ಅಂಥವನ ಹೊಟ್ಟೆಯೊಳಗೆ ದಿನವಿಡೀ ನಾವು ಬಾಯಿ ಮುಚ್ಚಿದ ಮಾಲು ಇಳಿಸುತ್ತಿದ್ದೆವು.

ಇದು ಊಹೆ. ಊಹೆಯನ್ನು ಪರೀಕ್ಷೆ ಮಾಡದೆ ನಂಬಬಾರದೆಂದು ಹೇಳಿಕೊಟ್ಟವನೂ ಅವನೇ. ಸಂಜೆ ಹೊಸ ಬಾಟ್ಲಿ ಬಂದಾಗ ಸಿಸ್ಟರಿಗೆ ಕೇಳಿದೆ: "ತೂಗುಹಾಕೋ ಮೊದಲ ಸ್ವಲ್ಪ ಮುಚ್ಚಳಾ ತಗೀತೀರಾ? ಒಂದು ವಾಟಿಗಿ ಹಾಕಿ ಮಾಮಾಗ ತೋರಸ್ತೀನಿ."

"ಮುಚ್ಚಿದ್ದು ಮುಚ್ಚಿದಂಗ ಇರ್ಲಿ ಅಂತನ ಅಲ್ರಿ ಬಾಟ್ಲಿ ತಂದದ್ದು?"

"ತೋರಿಸಿದ್ದನ್ನ ವಾಪಸ್ ಬಾಟ್ಲಿಗಿ ಹಾಕಂಗಿಲ್ರಿ. ಚೆಲ್ಲಿಬಿಡ್ತೀನಿ."

ಸಿಸ್ಟರ್ ಕೈ ತೊಳೆದುಕೊಂಡು ಬಂದು ಮುಚ್ಚಳ ತೆಗೆದರು. ಸ್ಟೀಲಿನ ವಾಟಿಯಲ್ಲಿ ಸ್ವಲ್ಪ ಸುರಿದು ಮಾಮನ ಮುಂದೆ ಹಿಡಿದೆ. ಅವನು ಮೊದಲು ನನ್ನ ಮುಖ ನೋಡಿದ. ಆಮೇಲೆ ಎಡಗೈ ಚಾಚಿದ, ಅಂಗೈ ಮೇಲಕ್ಕೆ. ನಾನು ನಾಲ್ಕು ಹನಿ ಹಾಕಿದೆ. ಹೆಬ್ಬೆರಳಿನಿಂದ ಉಜ್ಜಿದ. ಮೂಗಿನ ಹತ್ತಿರ ಒಯ್ದ. ಆಮೇಲೆ ಅಂಗೈಯನ್ನು ಬದಿಗೆ ಕೊಡವಿದ. ಹನಿಗಳು ಹೋಗಿ ಸಿಸ್ಟರ್ ಚಪ್ಪಲಿಯ ಮೇಲೆ ಬಿದ್ದವು.

ಅತ್ತಿ ನಕ್ಕಳು. ಆಸ್ಪತ್ರೆಗೆ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. "ಅಯ್ಯ, ಮಾಲು ವಾಪಸ್ ಮಾಡಿದ್ರು ನೋಡ. ಸಿಸ್ಟರಮ್ಮಾ, ನಿಮ್ಮ ಚೀಲ ಎತ್ಕೊಂಡ ಹೋಗ್ರಿ ಇನ್ನ."

ಹಾಗೆ ನಗುತ್ತಿರುವಾಗ ನನ್ನ ಕಣ್ಣು ವಾಟಿಯ ಮೇಲಿತ್ತು. ವಾಟಿಯ ತಳ ಕಾಣುತ್ತಿತ್ತು. ತಳದಲ್ಲಿ ಕೊರೆದಿದ್ದ ಆಸ್ಪತ್ರೆಯ ಹೆಸರನ್ನೂ ಓದಬಹುದಿತ್ತು. ನಾನು ಬರೆದುಕೊಟ್ಟಿದ್ದ ಗಂಜಿ ಇದಲ್ಲ. ನನ್ನದು ಸೌಟಿಗೆ ಹತ್ತುವ ಗಂಜಿ. ಇದು ಬೇಳೆ ತೊಳೆದ ನೀರು.

ವಾಟಿ ಹಿಡಿದುಕೊಂಡೇ ಅಡುಗೆಮನೆಗೆ ಇಳಿದೆ. ಅಲ್ಲಿನ ಮುಖ್ಯ ಅಡುಗೆಯವರು ಸಂಜೆಯ ಕೆಲಸ ಮುಗಿಸಿ ಗಲ್ಲಕ್ಕೆ ಕೈಹಚ್ಚಿ ಕೂತಿದ್ದರು.

"ಇದು ನಾ ಬರೆದದ್ದೇನ್ರಿ?"

"ನೀವು ಬರೆದದ್ದ ಮಾಡ್ತೀವ್ರಿ, ಒಂದು ಕಾಳು ಕಡಿಮಿ ಇಲ್ಲ. ಆಮ್ಯಾಲ ಅದು ಆ ಬಾಟ್ಲಿ ಮೂತ್ಯಾಗ ಇಳೀಬೇಕಲ್ಲ. ಗಟ್ಟಿ ಹಾಕಿದ್ರ ಸಿಕ್ಕೋತದ. ಸಿಕ್ಕೊಂಡ್ರ ಮ್ಯಾಲಿಂದ ಫೋನ್. ಅದಕ್ಕ ನೀರು ಹಾಕಿ ಎರಡು ಸಲ ಸೋಸ್ತೀವಿ. ಈಗ ಒಂದೂ ಫೋನ್ ಇಲ್ಲ."

"ಸೋಸಿದ ಮ್ಯಾಲ ಬಟ್ಟ್ಯಾಗ ಉಳಿದದ್ದು?"

ಅವರು ಬಕೆಟ್ಟಿನ ಕಡೆ ನೋಡಿದರು. ಅಲ್ಲಿ ಬೇಳೆಯೂ ಬಾಳೆಯೂ ಮುದ್ದೆಯಾಗಿ ಬಿದ್ದಿದ್ದವು. ಬಾಟ್ಲಿಗೆ ಬಂದ ಅಷ್ಟೂ ತೃಪ್ತಿಯ ಗೆರೆಗಳು ಆ ಬಕೆಟ್ಟಿನಲ್ಲಿ ಇದ್ದವು ಎಂದು ನನಗೆ ಅನಿಸಿತು. ಸಿಸ್ಟರಿಗೆ ಬಾಟ್ಲಿಯ ಮೂತಿ ಕಟ್ಟಿಕೊಳ್ಳಬಾರದು. ಅಡುಗೆಯವರಿಗೆ ಫೋನ್ ಬರಬಾರದು. ಎರಡೂ ಆಯಿತು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಖಾನೆಗಳಿಗೆ ಗೆರೆ ಎಳೆದವರೆಲ್ಲ ಖರೇನೇ ಸಂತೋಷವಾಗಿದ್ದರು.

ಮೇಲೆ ಬಂದು ಸಿಸ್ಟರಿಗೆ ಹೇಳಿದಾಗ ಅವರು ವಾದಕ್ಕೆ ಇಳಿಯಲಿಲ್ಲ. ಕುರ್ಚಿ ಎಳೆದು ಕೂತರು. ಆಮೇಲೆ ಅಂದರು: "ನನಗ ಬಾಟ್ಲಿ ಖಾಲಿ ಆದ್ರ ಉಂಡ್ರು ಅಂತ ಲೆಕ್ಕಾರಿ. ಒಳಗ ಏನಿತ್ತು ಅಂತ ನಾ ಹೆಂಗ ನೋಡ್ಲಿ? ಆದ್ರ ಮೇಡಂ, ಒಂದು ಮಾತು. ಮತ್ತ ಜಗ್ ತರ್ರಿ ಅಂದ್ರ ನನಗ ಮೂರನೇ ಕೈ ಕೊಡ್ರಿ."

ಇದೂ ಸರಿಯೇ. ನಾನು ಜಗ್ಗಿನ ಪರ ನಿಂತು ಗೆದ್ದರೆ ಆ ಗೆಲುವನ್ನು ಹೊತ್ತು ನಿಲ್ಲಬೇಕಾದವರು ಸಿಸ್ಟರ್, ನಾನಲ್ಲ. ಮೂರನೇ ಕೈ ಎಲ್ಲಿಂದ ತರುವುದೆಂದು ಯೋಚಿಸುತ್ತಿರುವಾಗ ಅತ್ತಿ ಸ್ಟೂಲಿನಿಂದ ಕೇಳಿದಳು: "ಅದನ್ನ ಎತ್ತಿ ಹಿಡಿಯಾಕ ಏನರೆ ಪರೀಕ್ಷಾ ಪಾಸ್ ಮಾಡಬೇಕೇನ್ರಿ? ನಾ ಇಲ್ಲಿ ಸುಮ್ಮ ಕುಂತೀನಲ್ಲ."

ಮರುದಿನ ಸಿಸ್ಟರ್ ಅತ್ತಿಗೆ ಕಲಿಸಿದರು. ತಲೆದಿಂಬು ಎತ್ತರಿಸಬೇಕು. ನಳಿಕೆ ಹೊಟ್ಟೆಯಲ್ಲೇ ಇದೆಯೆಂದು ಸಿಸ್ಟರ್ ನೋಡಿದ ಮೇಲೆಯೇ ಹೊಯ್ಯಬೇಕು. ಸಿರಿಂಜ್ ಇಷ್ಟೇ ಎತ್ತರ, ತಳ್ಳಬಾರದು, ಕೆಮ್ಮು ಬಂದರೆ ನಿಲ್ಲಿಸಬೇಕು, ಕೊನೆಗೆ ಶುದ್ಧ ನೀರು ಬಿಟ್ಟು ತೊಳೆಯಬೇಕು. ಸಿರಿಂಜಿನ ಬಾಯಿ ದೊಡ್ಡದು, ಹಾಗಾಗಿ ಒಂದೇ ಸಲ ಸಣ್ಣಗೆ ಸೋಸಿದ, ನೀರು ಬೆರೆಸದ ಗಂಜಿ ಸಾಕಿತ್ತು. ಅಡುಗೆಯವರು ಜಗ್ಗಿನಲ್ಲಿ ಅದನ್ನು ಕಳಿಸಿದರು. ಅತ್ತಿ ಜಗ್ಗನ್ನು ಮಾಮನ ಮುಂದೆ ಹಿಡಿದಳು. ಅವನು ನೋಡಿದ, ಅಂಗೈಗೆ ಹಾಕಿಸಿಕೊಂಡ, ಉಜ್ಜಿದ. ಕೊಡವಲಿಲ್ಲ. ಆದರೆ ಮುಷ್ಟಿಯನ್ನೂ ಮುಚ್ಚಲಿಲ್ಲ. ನಳಿಕೆ ಹಿಡಿದು ಕೂತ.

ಶನಿವಾರ ಹತ್ತಿರ ಬಂದಿತ್ತು. ಮಾಲು ವಾಪಸ್ ಆಗಿಲ್ಲ, ಮತ್ತೆ ವ್ಯಾಪಾರ ಯಾಕೆ ನಿಂತಿದೆ? ಮಾಮ ಮಂಚದ ತಲೆಯ ಕಡೆಗೆ ಕೈ ಮಾಡುತ್ತಿದ್ದ. ಅಲ್ಲಿ ಅವನ ಟವೆಲ್ ಇತ್ತು.

ಗಂಜ್‌ನ ಹಳಬರು ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಕೊಳ್ಳುವವನು, ಮಾರುವವನು ಇಬ್ಬರೂ ಕೈ ಕೂಡಿಸಿ, ಮೇಲೆ ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದು ಮಾತಾಡುತ್ತಿದ್ದರು. ಎರಡು ಬೆರಳು ಹಿಡಿದರೆ ಒಂದು ಬೆಲೆ, ನಾಲ್ಕು ಹಿಡಿದರೆ ಇನ್ನೊಂದು. ಸುತ್ತ ನಿಂತವರಿಗೆ ಇಬ್ಬರ ಮುಖ ಮಾತ್ರ ಕಾಣುತ್ತಿತ್ತು. ಈಗ ಎಲ್ಲ ಕಂಪ್ಯೂಟರಿನ ಟೆಂಡರು, ಆದರೂ ಮಾಮ ಹೆಗಲ ಟವೆಲ್ ಬಿಟ್ಟವನಲ್ಲ. ನನಗೂ ಕಲಿಸಿದ್ದ. ಪೆಪ್ಪರಮಿಂಟು ಎಷ್ಟು ಬೇಕೆಂದು ಟವೆಲ್ ಕೆಳಗೇ ಚೌಕಾಸಿ ಮಾಡಬೇಕಿತ್ತು.

ಟವೆಲನ್ನು ತಂದು, "ದಿನಕ್ಕ ಎಷ್ಟು ಸಲ, ಹೇಳ ಮಾಮಾ," ಎಂದು ನಮ್ಮಿಬ್ಬರ ಕೈ ಮೇಲೆ ಹಾಸಿದೆ. ದಿನದ ಒಟ್ಟು ಅಳತೆ ಡಾಕ್ಟರು ಹೇಳಿದಷ್ಟೇ, ಅದರಲ್ಲಿ ಚೌಕಾಸಿ ಇಲ್ಲ. ಅದನ್ನು ಎಷ್ಟು ಸಲಕ್ಕೆ ಹಂಚಬೇಕೆಂಬುದರಲ್ಲಿ ಮಾತ್ರ ಸ್ವಲ್ಪ ಜಾಗ ಇದೆ ಎಂದು ಸಿಸ್ಟರ್ ಮೊದಲೇ ಹೇಳಿದ್ದರು. ನಾನು ಅವನ ಐದೂ ಬೆರಳು ಹಿಡಿದು, ಜೊತೆಗೆ ಮತ್ತೆ ಎರಡನ್ನು ಒತ್ತಿದೆ. ಏಳು ಸಲ.

ಮಾಮ ನನ್ನ ಎರಡು ಬೆರಳು ಹಿಡಿದ.

"ಆಗಂಗಿಲ್ಲ ಮಾಮಾ, ಲುಕ್ಸಾನ್ ಆಗ್ತದ," ಎಂದೆ.

ಮೂರಾಯಿತು. ನಾನು ಆರಕ್ಕೆ ಇಳಿದೆ. ಅವನು ಕಣ್ಣು ಮುಚ್ಚಿ, ಇದು ದರೋಡೆ ಎನ್ನುವ ಮುಖ ಮಾಡಿದ. ಆ ಮುಖವನ್ನು ನಾನು ಅಂಗಡಿಯಲ್ಲಿ ನೂರು ಸಲ ನೋಡಿದ್ದೆ, ಅದಕ್ಕೆ ಬಗ್ಗಲಿಲ್ಲ. ಪಕ್ಕದ ಮಂಚದ ರೋಗಿಯ ಕಡೆಯವರು ಎದ್ದು ಬಂದು ನಿಂತರು. ಸಿಸ್ಟರ್ ಕೂಡ ಔಷಧಿಯ ಟ್ರೇ ಹಿಡಿದು ನಿಂತರು.

"ಎಷ್ಟಕ್ಕ ಬಂತ್ರಿ?" ಎಂದು ಸಿಸ್ಟರ್ ಕೇಳಿದರು.

"ಟವೆಲ್ ಕೆಳಗಿಂದು ಕೇಳಬಾರದ್ರಿ," ಎಂದಳು ಅತ್ತಿ.

ಕೊನೆಗೆ ಮಾಮ ನನ್ನ ಐದು ಬೆರಳನ್ನೂ ಒಟ್ಟಿಗೆ ಹಿಡಿದ. ಆಮೇಲೆ ನನ್ನ ಅಂಗೈಯ ನಡುವೆ ಹೆಬ್ಬೆರಳು ಒತ್ತಿ ಉಜ್ಜಿದ. ಐದು ಸಲ, ಆದರೆ ಪ್ರತಿ ಸಲ ನಮೂನಾ. ಒಪ್ಪಿದೆ ಎಂದು ನಾನು ಅವನ ಮುಷ್ಟಿ ಮುಚ್ಚಿದೆ. ಟವೆಲಿನ ಕೆಳಗಿಂದ ಹೊರಬಂದ ಕೈ ನಳಿಕೆಯ ಕಡೆ ಹೋಗಲಿಲ್ಲ. ಹೊದಿಕೆಯ ಮೇಲೆ ಬಿದ್ದುಕೊಂಡಿತು. ಅತ್ತಿ ಜಗ್ಗು ಎತ್ತಿದಳು. ಅಂದು ಜಗ್ಗಿನ ತಳ ಕಾಣುವವರೆಗೆ ಅವನು ಅಲುಗಾಡಲಿಲ್ಲ. ಶನಿವಾರ ಮಗ ತಂದ ಗಾಡಿ ಖಾಲಿಯೇ ವಾಪಸ್ಸು ಹೋಯಿತು.

ನನ್ನ ವರದಿಯ ಕಥೆ ಚಿಕ್ಕದು. ಬಾಟ್ಲಿಯ ಬಗ್ಗೆ ಸಿಬ್ಬಂದಿಗೆ ತೃಪ್ತಿ ಇದೆ, ಆ ತೃಪ್ತಿಗೆ ಕಾರಣ ಗಂಜಿ ನೀರಾಗಿರುವುದು, ಎಂದು ಬರೆದೆ. ಸೂಪರಿಂಟೆಂಡೆಂಟರು ಓದಿ, "ತೃಪ್ತಿ ಅದನೋ ಇಲ್ಲೋ, ಒಂದು ಹೇಳ್ರಿ," ಎಂದರು. ಅದ ಸರ್, ಅದೇ ತೊಂದರೆ, ಎಂದೆ. ಅವರು ನನ್ನನ್ನು ನೋಡಿದ ನೋಟ ಚರ್ಚಾಸ್ಪರ್ಧೆಯಲ್ಲಿ ಸಮಯ ಮುಗಿದ ಗಂಟೆಯಂತಿತ್ತು. ಬಾಟ್ಲಿಗಳು ಹೋಗಲಿಲ್ಲ. ಹೋಗಬೇಕೆಂದು ನಾನೂ ಹೇಳಿರಲಿಲ್ಲ. ಮನೆಯವರು ಜೊತೆಗಿಲ್ಲದ ರೋಗಿಗಳಿಗೆ ಅವೇ ಬೇಕು. ಬಾಯಿಯೂ ಮೂತಿಯೂ ದೊಡ್ಡದಿರುವ ಬಾಟ್ಲಿ ತರಿಸಿದರು, ಸೋಸುವುದನ್ನು ಒಂದು ಸಲಕ್ಕೆ ನಿಲ್ಲಿಸಿದರು, ಮಂಚದ ಹತ್ತಿರ ಮುಚ್ಚಳ ತೆಗೆದು ಒಳಗಿನದನ್ನು ನೋಡಿಯೇ ತೂಗುಹಾಕಬೇಕೆಂದು ನಿಯಮ ಮಾಡಿದರು. ನಿಯಮ ಎಷ್ಟು ದಿನ ನಡೆಯುತ್ತದೋ ನನಗೆ ಅನುಮಾನವಿದೆ. ಆಯಾಗೆ ಮಾತ್ರ ಅನುಮಾನವಿಲ್ಲ. ಎರಡೂ ಬೆರಳು ಹೋಗುತ್ತವೆ ಎಂದು ಬಂದು ತೋರಿಸಿ ಹೋದಳು.

ಮಾಮನನ್ನು ನಳಿಕೆಯ ಸಮೇತ ಕಮಲಾಪುರಕ್ಕೆ ಕಳಿಸಿದರು. ಕೆಲವು ವಾರ ಬಿಟ್ಟು ಗಂಟಲು ಪರೀಕ್ಷಿಸಿ, ಬಾಯಿಂದ ಕೊಡಬಹುದೋ ನೋಡೋಣ ಎಂದಿದ್ದರು ಡಾಕ್ಟರು. ಹೊರಡುವಾಗ ಒಂದು ಬಾಟ್ಲಿಯನ್ನೂ ಕೊಟ್ಟರು. ಅತ್ತಿ ಅದನ್ನು ಸಾಸಿವೆ ತುಂಬಿಡಲು ಇಟ್ಟುಕೊಂಡಳು.

ನಾನು ಹೋದದ್ದು ಸಂತೆಯ ದಿನ. ಬಸ್ಸು ಇಳಿದು ಮನೆಯವರೆಗೆ ಹೋಗುವಷ್ಟರಲ್ಲಿ ಕೆಂಪು ಬಾಳೆಯ ಗೊನೆಗಳ ನಡುವೆ ಸೊಂಟ ಓರೆಮಾಡಿ ನಡೆಯಬೇಕಾಯಿತು. ಮಾಮ ಪಡಸಾಲೆಯಲ್ಲಿ ದಿಂಬಿಗೆ ಒರಗಿ ಕೂತಿದ್ದ. ಗಲ್ಲ ಸ್ವಲ್ಪ ತುಂಬಿತ್ತು. ನನ್ನನ್ನು ಕಂಡು ಗಂಟಲಿನಿಂದ ಒಂದು ಸದ್ದು ಮಾಡಿದ. 'ವಕೀಲ್' ಎಂದು ಅತ್ತಿಯ ಅರ್ಥ. ನನಗೆ ಹಾಗೆ ಕೇಳಲಿಲ್ಲ, ಆದರೆ ಆ ದಿನ ತಕರಾರು ತೆಗೆಯಲಿಲ್ಲ.

ಅತ್ತಿ ಗಂಜಿಯನ್ನು ಸ್ಟೀಲಿನ ಹಳೆಯ ತಂಬಿಗೆಯಲ್ಲಿ ತಂದಳು.

"ಅತ್ತಿ, ಈ ತಂಬಿಗಿ ಬಗ್ಗೆ ನಿಮಗ ತೃಪ್ತಿ ಅದನು?" ಎಂದು ಕೇಳಿದೆ.

"ನನ್ನ ತವರುಮನಿದು ಇದು. ಅದಕ್ಕ ಮಾರ್ಕ್ಸ್ ಹಾಕಾಕ ನೀ ಯಾರ?"

ತಂಬಿಗೆಯನ್ನು ಮಾಮನ ಮುಂದೆ ಹಿಡಿದಳು. ಸಂತೆಯ ಬಾಳೆಹಣ್ಣು ಹಾಕಿದ್ದಳು, ವಾಸನೆ ನನಗೂ ಬಂತು. ಮಾಮ ಅಂಗೈ ಚಾಚಿದ, ಹನಿ ಹಾಕಿಸಿಕೊಂಡ, ಉಜ್ಜಿದ, ಮೂಗಿಗೆ ಹಿಡಿದ. ಆಮೇಲೆ ಬದಿಗೆ ಕೊಡವಿದ.

ಅತ್ತಿ ತಂಬಿಗೆಯನ್ನು ಕೆಳಗಿಟ್ಟಳು. "ಯಾಕ? ಏನಾಗ್ಯಾದ ಇದಕ್ಕ? ಇದು ಗಂಜ್ ಅಲ್ಲ, ನನ್ನ ಮನಿ. ಇಲ್ಲಿ ಮಾಲು ವಾಪಸ್ ಹೋಗಂಗಿಲ್ಲ."

ಮಾಮನ ಎಡಗೈ ಮೆಲ್ಲಗೆ ನಳಿಕೆಯ ಹತ್ತಿರ ಹೋಯಿತು. ಕೈ ಅಲ್ಲಿ ನಿಲ್ಲಲಿಲ್ಲ. ಹೆಗಲ ಮೇಲಿನ ಟವೆಲನ್ನು ಎಳೆದು ಅತ್ತಿಯ ಕಡೆ ಚಾಚಿತು. ಮಾಲಿನ ದೋಷವಲ್ಲ, ಅವನಿಗೆ ಚೌಕಾಸಿ ಬೇಕಿತ್ತು.

"ಅಯ್ಯ, ನನಗೆಲ್ಲಿ ಬರ್ತದ ಇದು," ಎಂದಳು ಅತ್ತಿ. ಹಾಗೆ ಹೇಳುತ್ತಲೇ ಸೆರಗಿಗೆ ಕೈ ಒರೆಸಿಕೊಂಡು, ಟವೆಲ್ ಕೆಳಗೆ ಕೈಯಿಟ್ಟಳು. ನಾನು ಇಬ್ಬರ ಮುಖ ನೋಡುತ್ತ ನಿಂತೆ. ಮಾಮ ದರೋಡೆಯ ಮುಖ ಮಾಡಿದ. ಅತ್ತಿ ಒಂದು ಸಲ ಹುಬ್ಬು ಏರಿಸಿದಳು, ಒಂದು ಸಲ ಇಲ್ಲ ಎಂದು ತಲೆಯಾಡಿಸಿದಳು. ಬಹಳ ಹೊತ್ತು ಹಿಡಿಯಲಿಲ್ಲ. ಅವಳಿಗೆ ಇದು ಬರುತ್ತಿತ್ತು, ನನಗಿಂತ ಚೆನ್ನಾಗಿ ಬರುತ್ತಿತ್ತು.

"ಏನು ಮಾತಾತು?" ಎಂದೆ.

"ಟವೆಲ್ ಕೆಳಗಿಂದು ಕೇಳಬಾರದು," ಎಂದು ಅತ್ತಿ ತಂಬಿಗೆ ಎತ್ತಿಕೊಂಡಳು.

ಮಾಮ ಟವೆಲನ್ನು ಮಡಿಚಿ ತೊಡೆಯ ಮೇಲಿಟ್ಟು, ಕೈಯನ್ನು ಅದರ ಮೇಲಿಟ್ಟ. ಅತ್ತಿ ಸಿರಿಂಜನ್ನು ತನ್ನ ಹಣೆಯ ಎತ್ತರಕ್ಕೆ ಹಿಡಿದು ಹೊಯ್ದಳು. ಗಂಜಿ ಇಳಿಯತೊಡಗಿತು.